ಮಂಜಿನಲ್ಲಿ ನಮ್ಮನ್ನು ಇಳಿಸಿದವರು

ಮುಂಬಯಿ ಪಕ್ಕದ ಠಾಣೆಯ ಕೋಪರಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಧಾರವಾಡ ಕಡೆಯವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಭಾನುವಾರಗಳಂದು ನಮ್ಮಂಥ ಆಫೀಸಿನವರನ್ನು ಅವರು ಬೆಟ್ಟ ಹತ್ತಿಸುತ್ತಿದ್ದರು. ಹಗ್ಗದ ಗಂಟನ್ನು ಎರಡೆರಡು ಸಲ ಎಳೆದು ನೋಡುವರು. ಯಾರಾದರೂ ಆತುರಪಟ್ಟರೆ, "ಶಿಖರ ಎಲ್ಲೂ ಓಡಿ ಹೋಗಂಗಿಲ್ರಿ" ಎನ್ನುವರು.

ಆ ಸಲ ಬದಲಾಪುರದಾಚೆಯ ಬೆಟ್ಟದಲ್ಲಿ, ಎರಡೂ ಬದಿ ಪ್ರಪಾತವಿದ್ದ ಕಿರಿದಾದ ಏಣಿನ ಮೇಲೆ ಮಂಜು ಕವಿಯಿತು. ಅಕ್ಕ ಹಿಂದಿರುಗೋಣವೆಂದರು. ಜೊತೆಗೆ ಬಂದಿದ್ದ ಅವರ ಗಂಡ ನಗುತ್ತಾ, "ನೀವು ಇಲ್ಲೇ ಕೂಡ್ರಿ, ನಾ ತುದಿ ಮುಟ್ಟಿ ಬಂದ್ಬಿಡ್ತೀನಿ" ಎಂದು ಮುಂದೆ ಹೋದರು. ಸ್ವಲ್ಪದರಲ್ಲೇ ಕಲ್ಲು ಉರುಳಿದ ಸದ್ದು, ಅದರ ಹಿಂದೆಯೇ ಪ್ರಪಾತದಿಂದ ಅವರ ಕೂಗು.

ನಾವು ಐವರು ಬಂಡೆಗೆ ಅಂಟಿಕೊಂಡಿದ್ದೆವು. ಇದ್ದದ್ದು ಒಂದೇ ಹಗ್ಗ. ಅಕ್ಕ ಮಂಜಿನೊಳಗೆ ಬಗ್ಗಿ, "ಇವ್ರನ್ನ ಇಳಿಸಿ ಬರ್ತೀನ್ರಿ, ಅಲ್ಲೇ ಇರ್ರಿ!" ಎಂದು ಕೂಗಿ, ಹಗ್ಗವನ್ನು ನಮ್ಮ ಸೊಂಟಗಳಿಗೆ ಕಟ್ಟಿದರು. ಗಂಡನ ದನಿ ಬಹಳ ದೂರದವರೆಗೆ ಕೇಳಿಸುತ್ತಿತ್ತು. ಅಕ್ಕ ತಿರುಗಿ ನೋಡಲಿಲ್ಲ. ನಮ್ಮನ್ನು ಬುಡದ ಹಳ್ಳಿಗೆ ಮುಟ್ಟಿಸಿ, ಊರವರೊಂದಿಗೆ ಮತ್ತೆ ಹತ್ತಿದರು. ಅವರು ತಲುಪುವಷ್ಟರಲ್ಲಿ ಕೂಗು ನಿಂತಿತ್ತು.

ವೈಕುಂಠ ಸಮಾರಾಧನೆಯ ದಿನ ಅಕ್ಕನ ಅತ್ತೆ ನಮ್ಮತ್ತ ತಿರುಗಿದರು. "ಇಷ್ಟು ಮಂದಿ ಇದ್ರಲ್ಲಾ, ನನ್ನ ಮಗನ ಕಡೆ ಒಬ್ಬರರೆ ಹೋಗಲಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟರು.

"ಇವ್ರೆಲ್ಲಾ ಆಗಲೇ ಕೆಳಗ ಇಳಿದಿದ್ರು, ಅತ್ತಿ. ಮ್ಯಾಲ ನಾ ಒಬ್ಬಾಕಿನ ಇದ್ದೆ."

ಅಂದಿನಿಂದ ಅತ್ತೆ ಸೊಸೆಯ ಕೈಯ ಅನ್ನ ಮುಟ್ಟಲಿಲ್ಲ.