ಒಡ್ಡಿನ ಮೇಲಿನ ಹುತ್ತ, ಬುಡದ ಮೆಂತ್ಯ

ನಮ್ಮ ಮನೆಯ ಹಿಂದೆ ಒಂದು ಒಡ್ಡಿದೆ. ಎರಡಾಳು ಎತ್ತರದ ಮಣ್ಣಿನ ಒಡ್ಡು. ನೀರಿನ ಕಡೆಗೆ ಕಲ್ಲು ಹಾಸಿದ್ದಾರೆ. ಮೊದಲು ದನಕುರಿಗಳ ಕುಡಿಯುವ ನೀರಿಗೆಂದು ಕಟ್ಟಿದ್ದು. ಈಗ ಅದರ ನೀರಿನಲ್ಲಿ ಹಂಸದ ಆಕಾರದ ನಾಲ್ಕು ದೋಣಿ ಬಿಟ್ಟಿದ್ದಾರೆ. ಭಾನುವಾರ ಬಾಗಲಕೋಟೆಯಿಂದ, ಇಳಕಲ್ಲಿನಿಂದ ಜನ ಕುಳಗೇರಿ ಕ್ರಾಸಿಗೆ ಬಂದಿಳಿದು, ಆಟೋ ಹಿಡಿದು ಇಲ್ಲಿಗೆ ಬರುತ್ತಾರೆ. ಕಾಲಿನಿಂದ ತುಳಿದು ದೋಣಿ ನಡೆಸುತ್ತಾರೆ. ರೊಕ್ಕ ಕೊಟ್ಟು ಕಾಲು ನೋಯಿಸಿಕೊಳ್ಳುವುದು ಯಾವ ಸುಖವೋ ನನಗೆ ತಿಳಿಯದು. ನಗುತ್ತ ಹೋಗುತ್ತಾರೆ, ಹೋಗಲಿ.

ಒಡ್ಡಿನ ಬುಡದಲ್ಲಿ ನಮ್ಮ ಮನೆ, ಮನೆಗೆ ಹತ್ತಿಕೊಂಡೇ ಕುರಿದೊಡ್ಡಿ. ಒಡ್ಡು ಒಡೆದರೆ ಮೊದಲು ಹೋಗುವವರು ನಾವು, ನಮ್ಮ ಕುರಿಗಳು. ಅದು ಗೊತ್ತಿದ್ದೂ ನಾನು ತಲೆ ಕೆಡಿಸಿಕೊಂಡವಳಲ್ಲ. ನನ್ನ ಲಕ್ಷ್ಯವೆಲ್ಲ ಮೆಂತ್ಯೆಪಲ್ಲೆಯ ಮೇಲೆ. ಒಡ್ಡಿನ ಬುಡಕ್ಕೆ ಕಂಬಳಿ ಹಾಸಿದಷ್ಟು ಜಾಗ ಬೇಸಿಗೆಯಲ್ಲೂ ಹಸಿಯಾಗಿರುತ್ತಿತ್ತು. ಅಲ್ಲಿ ಬೀಜ ಚೆಲ್ಲಿದರೆ ಸಾಕು, ಒಂದು ತಂಬಿಗೆ ನೀರು ಹಾಕದೆಯೂ ಪಲ್ಲೆ ಎದ್ದು ನಿಲ್ಲುತ್ತಿತ್ತು. ಓಣಿಯವರ ಮುಂದೆ ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಒಡ್ಡಿನ ಮೇಲೊಂದು ಹುತ್ತವಿತ್ತು. ಪಂಚಮಿಗೆ ಅಲ್ಲಿ ಹಾಲೆರೆಯುವುದನ್ನು ಮೊದಲು ಮಾಡಿದವಳು ನಾನೇ. ಮೊದಲೆಲ್ಲ ಹೊಲದಾಚೆಯ ಹುತ್ತಕ್ಕೆ ಹೋಗುತ್ತಿದ್ದೆವು. ಒಂದು ವರ್ಷ ನನ್ನ ಮೊಳಕಾಲು ಹಿಡಿದುಕೊಂಡವು. ಹತ್ತಿರದ್ದೇ ಸಾಕೆಂದು ಒಡ್ಡಿನ ಹುತ್ತಕ್ಕೆ ಎರೆದು ಬಂದೆ. ಮರುವರ್ಷ ನಾಲ್ಕು ಮಂದಿ ಬಂದರು, ಅದರ ಮರುವರ್ಷ ಇಡೀ ಓಣಿ. ಯಾರೋ ಕಲ್ಲು ನಿಲ್ಲಿಸಿ ಸುಣ್ಣ ಬಳಿದರು. ಜಾಗೃತ ಸ್ಥಳವೆಂದು ಮಾತು ಹಬ್ಬಿತು. ನಾನು ಬಾಯಿ ಬಿಡಲಿಲ್ಲ.

ಈ ಸಲ ಮಳೆಗಾಲಕ್ಕೆ ಮುಂಚೆ ಒಡ್ಡು ತಪಾಸಣೆಗೆಂದು ಒಬ್ಬ ಹುಡುಗಿ ಬಂದಳು. ಇಂಜಿನಿಯರಂತೆ. ಒಡ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಳು, ಬೆಳೆದ ಜಾಲಿಗಿಡಗಳನ್ನು ಕಡಿಸಲು ಹೇಳಿದಳು. ಹುತ್ತದ ತೂತಿನಲ್ಲಿ ಉದ್ದನೆಯ ಕೋಲು ತೂರಿದಳು. ಕೋಲು ಪೂರ್ತಿ ಒಳಗೆ ಹೋಯಿತು. ಆಮೇಲೆ ಕೆಳಗಿಳಿದು ನನ್ನ ಮೆಂತ್ಯದ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಆಯಿ, ಇದಕ್ಕ ನೀರು ಯಾರು ಹಾಕ್ತಾರ?"

"ಯಾರೂ ಹಾಕಂಗಿಲ್ಲ. ನನ್ನ ಕೈಗುಣ."

"ಕೈಗುಣ ಅಲ್ರಿ, ಒಡ್ಡಿನ ಗುಣ. ಒಡ್ಡು ಸೋರಾಕತ್ತೈತಿ."

ನನ್ನ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ನಾನಿನ್ನೂ ಮರೆತಿಲ್ಲ.

ಹುಡುಗಿ ಬಿಡಿಸಿ ಹೇಳಿದಳು. "ಮಣ್ಣಿನ ಒಡ್ಡು ಅಂದ್ರ ಇಷ್ಟಿಷ್ಟು ಜಿನುಗತೈತ್ರಿ. ತಿಳಿನೀರು ಬಂದ್ರ ಅಂಜಬ್ಯಾಡ್ರಿ. ಕೆಂಪು ಬಂತಂದ್ರ ಒಳಗಿನ ಮಣ್ಣು ತೊಳಕೊಂಡು ಹೊಂಟೈತಿ ಅಂತ. ದಿನಾ ನೋಡಿ ಬರದಿಡ್ತೀರೇನು?"

"ನಾ ಸಾಲಿ ಕಲ್ತದ್ದು ಮೂರನೇ ಇಯತ್ತೆ. ಬರಿಯೂದು ನನ್ನಿಂದ ಆಗಂಗಿಲ್ಲ."

"ಹಂಗಾದ್ರ ದಿನಾ ಮುಂಜಾನೆ ಇಲ್ಲಿ ಜಿನುಗೂ ನೀರು ಒಂದು ಬಾಟ್ಲಿ ತುಂಬಿ ಕಟ್ಟಿ ಮ್ಯಾಲ ಇಡ್ರಿ. ಬಾಟ್ಲೀನ ಹೇಳತೈತಿ."

ಹುತ್ತದ ತೂತಿನಿಂದಲೇ ನೀರು ಒಡ್ಡಿನೊಳಗೆ ಹಾದಿ ಮಾಡಿಕೊಳ್ಳುತ್ತದೆ, ಅದನ್ನು ಅಗೆದು ಮುಚ್ಚಬೇಕು ಎಂದು ಅವಳು ಅಂದದ್ದಕ್ಕೆ ಮಾತ್ರ ಓಣಿಯ ಹೆಂಗಸರು ಎದ್ದು ಬಂದರು. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಎಲ್ಲರಿಗಿಂತ ಮುಂದೆ. "ನಾಗಪ್ಪನ ಮನಿ ಕೆಡವಿ ನಾವು ಮನ್ಯಾಗ ಮಲಗೂದೇನು? ಪಂಚಮಿ ಆಗಲಿ, ಆಮ್ಯಾಲ ನೋಡೂಣು."

ನಾನೂ ಹೂಂ ಅಂದೆ. ಶುರು ಮಾಡಿದವಳೇ ಬೇಡ ಅಂದರೆ ಹೇಗೆ? ಹುಡುಗಿ ತನ್ನ ನಂಬರನ್ನು ಸೊಸೆಯ ಫೋನಿಗೆ ಹಾಕಿ ಹೋದಳು.

ದಿನಕ್ಕೊಂದು ಬಾಟಲಿ ತುಂಬಿಟ್ಟೆ. ಎಲ್ಲವೂ ತಿಳಿ. ಆಮೇಲೆ ಮಳೆ ಹಿಡಿಯಿತು, ಒಡ್ಡು ತುಂಬಿತು. ಪಂಚಮಿಗೆ ಇನ್ನೂ ಆರು ದಿನವಿತ್ತು. ಅಂದು ಬೆಳಿಗ್ಗೆ ತುಂಬಿದ ಬಾಟಲಿ ಕೆಂಪಗಿತ್ತು. ರೊಟ್ಟಿ ಬಡಿದು ಮುಗಿಸುವುದರೊಳಗೆ ತಳದಲ್ಲಿ ಒಂದು ಬೆರಳು ಮಣ್ಣು ಕೂತಿತ್ತು. ಸೊಸೆಗೆ ಫೋನು ಮಾಡಲು ಹೇಳಿ, ಕುರಿಗಳನ್ನು ದಿಬ್ಬಕ್ಕೆ ಹೊಡೆಸಿ, ಬಾಟಲಿ ಹಿಡಿದುಕೊಂಡು ನೆಗೆಣ್ಣಿಯ ಕಟ್ಟೆಗೆ ಹೋದೆ. ಹೆಂಗಸರೆಲ್ಲ ಕೂಡಿದರು.

"ಇದು ನಮ್ಮ ಒಡ್ಡಿನ ಮಣ್ಣು. ಹುತ್ತ ಇವತ್ತ ತಗೀಬೇಕು."

"ನಾಗಪ್ಪ ಸಿಟ್ಟಿಗೆದ್ರ?"

"ಏಳಂಗಿಲ್ಲ. ನಾ ಅಲ್ಲಿ ಹಾಲು ಎರದದ್ದು ನಾಗಪ್ಪಗಲ್ಲ, ನನ್ನ ಮೊಳಕಾಲಿಗೆ. ದೂರ ನಡಿಯಾಕ ಆಗಲಿಲ್ಲ, ಅದಕ್ಕ ಎರದೆ. ನೀವು ಬೆನ್ನು ಹತ್ತಿ ಬಂದ್ರಿ."

ನೆಗೆಣ್ಣಿ, "ಇಷ್ಟು ವರ್ಷ ನಿನ್ನ ಮೊಳಕಾಲಿಗೆ ಕೈ ಮುಗದ್ವೇನ ಹಂಗಾರ?" ಅಂದಳು. ನಗು ಎದ್ದಿತು. ಅವಳು ನಗಲಿಲ್ಲ. ಆದರೆ ಬೇಡ ಎಂದೂ ಅನ್ನಲಿಲ್ಲ.

ಮಧ್ಯಾಹ್ನದೊಳಗೆ ಹುಡುಗಿ ಬಂದು ತೂಬು ತೆಗೆಸಿದಳು. ನೀರು ಹಳ್ಳಕ್ಕೆ ಹರಿದು ಹೋಯಿತು. ನೀರು ಇಳಿಯುವ ತನಕ ನಾವು ದಿಬ್ಬದ ಮೇಲೆ ಕುರಿಗಳ ಜೊತೆಗೇ ಉಳಿದೆವು. ಮೂರನೆಯ ದಿನಕ್ಕೆ ದೋಣಿಗಳು ರಾಡಿಯಲ್ಲಿ ಕೂತವು. ದೋಣಿಯವನು, "ಹಂಸ ಎಲ್ಲಾ ಎಮ್ಮಿ ಆದ್ವಲ್ಲ ಬೇ" ಎಂದು ಗೊಣಗಿದ. ಆಮೇಲೆ ಹುತ್ತ ಅಗೆದರು. ಹಾವಿರಲಿಲ್ಲ, ಎರಡು ಏಡಿ, ಒಂದು ಕಪ್ಪೆ, ತೋಳು ಹಿಡಿಯುವಷ್ಟು ದೊಡ್ಡ ಸುರಂಗ. ಅದರ ತುದಿ ಕಾಣುವ ತನಕ ಅಗೆದು, ಜಿಗುಟು ಮಣ್ಣನ್ನು ಪದರು ಪದರಾಗಿ ಹಾಕಿ ದಮ್ಮಸು ಮಾಡಿದರು. ಪಂಚಮಿಯ ದಿನ ನೆಲಕ್ಕೆ ಕಬ್ಬಿಣ ಮುಟ್ಟಿಸುವ ಹಾಗಿಲ್ಲ. ಅದರ ಹಿಂದಿನ ದಿನವೇ ಕೆಲಸ ಮುಗಿಯಿತು.

ಅಗೆದ ಹುತ್ತದ ಮಣ್ಣು ಒಡ್ಡಿನ ಮೇಲೆ ರಾಶಿ ಬಿದ್ದಿತ್ತು. ಮೊದಲು ಬುಟ್ಟಿ ತಂದವಳು ನನ್ನ ನೆಗೆಣ್ಣಿ. ಆ ಮಣ್ಣಿನಲ್ಲೇ ನಾಗಪ್ಪನನ್ನು ಮಾಡಿ ಮನೆಯಲ್ಲೇ ಹಾಲೆರೆದಳು. ಉಳಿದವರೂ ಅದನ್ನೇ ಮಾಡಿದರು. ನನ್ನ ಮೊಳಕಾಲಿಗೂ ಅದೇ ಅನುಕೂಲ.

ಒಡ್ಡು ಮತ್ತೆ ತುಂಬಿದೆ. ದೋಣಿಗಳು ತೇಲುತ್ತಿವೆ, ಕುರಿಗಳು ದೊಡ್ಡಿಗೆ ಬಂದಿವೆ. ಬಾಟಲಿ ತುಂಬಲು ಹೋದರೆ ಬುಡದಲ್ಲಿ ನೀರೇ ಸಿಗುವುದಿಲ್ಲ. ಮೆಂತ್ಯ ಒಣಗಿ ಹೋಯಿತು. ಮತ್ತೆ ಬೀಜ ಚೆಲ್ಲಿದ್ದೇನೆ. ಈಗ ದಿನಾ ಎರಡು ಕೊಡ ನೀರು ಹೊತ್ತು ಹಾಕಬೇಕು.

"ಅತ್ತಿ, ಕೈಗುಣ ಎಲ್ಲಿ ಹೋತು?" ಎಂದು ಸೊಸೆ ಕೇಳುತ್ತಾಳೆ.

ಕೊಡ ಅವಳ ಕೈಗೆ ಕೊಡುತ್ತೇನೆ. ಹೊರಲಿ.