ಇಲ್ಲದ ಗಿರಾಕಿಯ ತಾಯಿ

ಮೀಟರಣ್ಣನನ್ನು ನಾನು ಮೊದಲು ಕಂಡ ದಿನ ನಮ್ಮ ಮನೆಗೆ ಬೀಗ ಹಾಕಿತ್ತು. ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಬರುವ ಹೊತ್ತಿಗೆ ಬಡಕಲು ಮನುಷ್ಯನೊಬ್ಬ ಗೇಟಿನ ಹೊರಗೆ ಸೈಕಲ್ಲಿಗೆ ಒರಗಿ ನಿಂತಿದ್ದ. ನಮ್ಮ ವಿದ್ಯುತ್ ಮೀಟರು ಒಳಗಡೆ ಮೆಟ್ಟಿಲ ಕೆಳಗಿತ್ತು. ಅದನ್ನು ಓದಲು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಂದು ಹೋಗಿದ್ದನಂತೆ. ಇದು ಮೂರನೆಯ ಸಲ.

"ಹೋದ ತಿಂಗಳಿನದನ್ನು ನೋಡಿ ಒಂದು ಅಂದಾಜು ಬರೆದುಕೊಳ್ಳಬಹುದಿತ್ತಲ್ಲಪ್ಪ" ಎಂದೆ.

"ಅಂದಾಜು ಬರೆಯೋಕೆ ನಾನ್ಯಾಕೆ ಬೇಕು ಸಾರ್? ಮನೇಲಿ ಕೂತ್ಕೊಂಡು ಯಾರು ಬೇಕಾದ್ರೂ ಬರೀತಾರೆ" ಎನ್ನುತ್ತ ಟಾರ್ಚು ಹಿಡಿದು ಮೆಟ್ಟಿಲ ಕೆಳಗೆ ಬಗ್ಗಿದ.

ಹೀಗೆ ಇಪ್ಪತ್ತೆರಡು ವರ್ಷ ಅವನು ಮನೆಮನೆಯ ಮೀಟರು ಓದಿದ. ಎಲ್ಲರೂ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿ ಕಿಟಕಿಗಳಿಗೆ ಪರದೆ ಹೊಲಿದುಕೊಡುವವಳು. ಅವಳೂ ಗಿರಾಕಿಗಳ ಎದುರು "ನಿಮ್ಮ ಮೀಟರಣ್ಣ ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು. ಆಮೇಲೆ ತಾವೇ ಲೆಕ್ಕ ಕಳಿಸುವ ಹೊಸ ಮೀಟರುಗಳು ಬಂದವು. ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಗುತ್ತಿಗೆದಾರ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ. "ಇನ್ಮೇಲೆ ಮನೇಲಿ ಕೂತು ಇದನ್ನೇ ಓದಿ" ಎಂದು ಹೆಂಡತಿ ನಕ್ಕಳು. ನಕ್ಕ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತು ಬಾಕಿಯಿದ್ದ ಪರದೆಗಳನ್ನು ಎಣಿಸಿದಳು.

ಅವನ ಬಳಿ ಉಳಿದದ್ದು ಒಂದೇ ತಿಳಿವಳಿಕೆ. ಯಾವ ಬೀದಿಯಲ್ಲಿ ಎಷ್ಟು ಮೀಟರುಗಳಿವೆ ಎಂದು ಬಲ್ಲವನಿಗೆ, ಎಲ್ಲಿ ಮೀಟರಿಲ್ಲ ಎಂಬುದೂ ಗೊತ್ತಿರುತ್ತದೆ. ಮೀಟರಿಲ್ಲದ ಕಡೆ ಖಾಲಿ ಸೈಟು. ಅದು ಯಾರದು, ಅವರು ಎಲ್ಲಿದ್ದಾರೆ, ಯಾಕೆ ಕಟ್ಟಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹಾಗಾಗಿ ಅವನು ಸೈಟಿನ ವ್ಯವಹಾರಕ್ಕೆ ಇಳಿದ. ಮಾಲೀಕರೊಂದಿಗೆ ಒಂದು ಬೆಲೆಗೆ ಕರಾರು ಮಾಡಿಕೊಳ್ಳುವುದು. ಅರವತ್ತು ದಿನಗಳೊಳಗೆ ತಾನು ಕೊಳ್ಳಬೇಕು, ಇಲ್ಲವೇ ತಾನು ತೋರಿಸಿದವರಿಗೆ ಅವರು ಬರೆದುಕೊಡಬೇಕು. ಕೊಳ್ಳುವವರನ್ನು ಹುಡುಕಿ, ಸ್ವಲ್ಪ ಹೆಚ್ಚಿನ ಬೆಲೆಗೆ ಆ ಕರಾರನ್ನು ಅವರಿಗೆ ದಾಟಿಸಿಬಿಟ್ಟರೆ ನಡುವಿನ ವ್ಯತ್ಯಾಸ ಅವನದು. ಅರವತ್ತನೆಯ ದಿನ ದಾಟಿದರೆ ಕರಾರಿನ ಕಾಗದ ಬರಿಯ ಕಾಗದ. ಈ ದಂಧೆಯಲ್ಲಿ ಒಂದು ಕಟ್ಟಳೆಯುಂಟು. ಕಾಗದ ದಾಟುವವರೆಗೆ ಮಾರುವವರನ್ನೂ ಕೊಳ್ಳುವವರನ್ನೂ ಮುಖಾಮುಖಿ ಮಾಡಬಾರದು. ಮಾಡಿದರೆ ನಡುವಿನವನು ಅವರಿಗೆ ಬೇಕಾಗುವುದಿಲ್ಲ.

ಮೊದಲೆರಡು ಸೈಟುಗಳು ಸಲೀಸಾಗಿ ಕೈದಾಟಿದವು. ಮೂರನೆಯದು ನರ್ಸಮ್ಮನದು.

ನರ್ಸಮ್ಮ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಒಂಟಿ ಜೀವ. ಬಾಡಿಗೆಯ ಕೋಣೆ ಮೂರನೆಯ ಮಹಡಿಯಲ್ಲಿ. ಎರಡೂ ಮಂಡಿಗಳು ಸವೆದುಹೋಗಿ, ಕೆಳಗಿಳಿದರೆ ಮತ್ತೆ ಹತ್ತಲು ಅರ್ಧ ಗಂಟೆ ಬೇಕಾಗುತ್ತಿತ್ತು. ಪ್ರತಿ ತಿರುವಿನಲ್ಲೂ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದರು. ಬೇರೆ ಊರಿನಲ್ಲಿದ್ದ ತಂಗಿ ತನ್ನ ಮನೆಯ ಪಕ್ಕದಲ್ಲಿ, ನೆಲಮಟ್ಟದಲ್ಲೇ ಅಕ್ಕನಿಗೊಂದು ಕೋಣೆ ಕಟ್ಟಿಸಲು ಒಪ್ಪಿದ್ದಳು. ಸೈಟು ಮಾರಿದ ದುಡ್ಡಿನಲ್ಲೇ ಆ ಕೋಣೆ ಏಳಬೇಕು. ಸೈಟಿನ ಪಕ್ಕದ ಲಾರಿ ಮಾಲೀಕ ಕಡಿಮೆ ಬೆಲೆಗೆ, ಆದರೆ ಕೂಡಲೇ ಕೊಳ್ಳುತ್ತೇನೆಂದು ಕಾದಿದ್ದ. ನರ್ಸಮ್ಮ ಅವನನ್ನು ತಡೆದು, ಮೀಟರಣ್ಣನ ಮೇಲಿನ ಭರವಸೆಯಿಂದ ಕರಾರಿಗೆ ಸಹಿ ಹಾಕಿದರು.

ಹನ್ನೆರಡನೆಯ ದಿನಕ್ಕೇ ಗಿರಾಕಿ ಸಿಕ್ಕರು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಮೆಲುದನಿಯ, ಸಭ್ಯ ಮನುಷ್ಯ. ದಿನವಿಡೀ ಬಂದವರ ಕಣ್ಣಿಗೆ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುವುದು ಅವರ ಕಸುಬು. ಅದೇ ಸ್ವಭಾವವಾಗಿಬಿಟ್ಟಿತ್ತೋ ಏನೋ, ತಮ್ಮ ವಿಷಯಕ್ಕೆ ಬಂದರೆ ಯಾವುದೂ ಚೆನ್ನಾಗಿ ಕಾಣುತ್ತಿರಲಿಲ್ಲ. ಸೈಟು ಒಪ್ಪಿಗೆ ಎಂದರು. ಆದರೆ ಭಾವಮೈದುನ ಒಮ್ಮೆ ನೋಡಲಿ ಎಂದರು. ಅವನು ನೋಡಿದ ಮೇಲೆ, ಸಂಜೆಯ ಬಿಸಿಲು ಎಲ್ಲಿ ಬೀಳುತ್ತದೆಂದು ಹೆಂಡತಿ ನೋಡಬೇಕೆಂದರು. ಆಮೇಲೆ ಬ್ಯಾಂಕಿನವರು ಸೈಟಿನ ನಕ್ಷೆ ಕೇಳಿದರು. ನಕ್ಷೆ ಕೊಡಬೇಕಾದ ಗುಮಾಸ್ತ ರಜೆಯಲ್ಲಿದ್ದ. ನಕ್ಷೆ ಬಂದಾಗ ಬ್ಯಾಂಕಿನ ಮ್ಯಾನೇಜರು ವರ್ಗವಾಗಿದ್ದರು.

"ಮುಂದಿನ ವಾರ ಆಗೋಗುತ್ತೆ ಮೀಟರಣ್ಣ" ಎನ್ನುತ್ತಿದ್ದರು ಕನ್ನಡಕದವರು.

ಮೀಟರಣ್ಣ ಮೂರು ಮಹಡಿ ಹತ್ತಿ ಹೋಗಿ, "ನಾಳೆ ನಾಡಿದ್ದರಲ್ಲಿ ಆಗೋಗುತ್ತೆ ಅಮ್ಮ" ಎನ್ನುತ್ತಿದ್ದ. ವಾರ ಎಂದರೆ ಅವರು ಲಾರಿಯವನ ಕಡೆ ವಾಲಿಯಾರು ಎಂಬ ಅಳುಕು.

"ಅವರು ವಾರ ಅಂದ್ರು, ನೀವು ನಾಳೆ ನಾಡಿದ್ದು ಅಂದ್ರಿ. ನಿಮಗೇನು ಎರಡು ಬಾಯಾ?" ಎಂದು ಹೆಂಡತಿ ಕೇಳಿದಳು.

"ಸ್ವಲ್ಪ ಸಮಾಧಾನ ಹೇಳ್ಬೇಕಲ್ಲೇ."

"ಸಮಾಧಾನ ಅವರಿಗೋ ನಿಮಗೋ?"

ನಲವತ್ತೇಳನೆಯ ದಿನ ಅವನು ನೋಂದಣಿ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಮಂಕಾಗಿ ಕೂತಿದ್ದ. ಅಂಗಡಿ ಮಳಿಗೆಗಳ ವ್ಯಾಪಾರ ಕುದುರಿಸುವ ಹಳೆಯ ದಲ್ಲಾಳಿಯೊಬ್ಬ ಪಕ್ಕದಲ್ಲಿ ಬಂದು ಕೂತ.

"ಏನಯ್ಯಾ, ಮುಖ ಫ್ಯೂಸ್ ಹೋದಂಗಿದೆ" ಎಂದ. ಕಥೆ ಕೇಳಿದ ಮೇಲೆ, "ಎರಡನೇ ಗಿರಾಕಿ ಬಂದಿದ್ದಾನೆ ಅಂತ ಹೇಳು. ಸಂಜೆ ಒಳಗೆ ಓಡಿ ಬರ್ತಾರೆ" ಎಂದ.

"ಬಂದಿಲ್ವಲ್ಲ."

"ಬಂದಿದ್ರೆ ನಿನಗೆ ನನ್ನ ಬುದ್ಧಿ ಯಾಕೆ ಬೇಕಿತ್ತು?"

ಅಂದೇ ಮೀಟರಣ್ಣ ಕನ್ನಡಕದ ಅಂಗಡಿಗೆ ಹೋಗಿ, "ಸಾರ್, ಇನ್ನೊಬ್ಬರು ಸೈಟು ನೋಡ್ಕೊಂಡು ಹೋದ್ರು" ಎಂದ.

"ಹೌದಾ? ಯಾರು?"

ಪಳಗಿದ ದಲ್ಲಾಳಿಯಾಗಿದ್ದರೆ 'ದೊಡ್ಡ ಪಾರ್ಟಿ' ಎಂದು ಅಲ್ಲಿಗೇ ಬಾಯಿ ಮುಚ್ಚುತ್ತಿದ್ದ. ಮೀಟರಣ್ಣನಿಗೆ ಸುಳ್ಳಿನಲ್ಲಿ ಅಷ್ಟು ಕೈ ಕುದುರಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕೆಂದು ತಡಕಾಡಿದ. "ಬಸ್ ಡಿಪೋದಲ್ಲಿ ಕೆಲಸ" ಎಂದ. ಅವಸರವೇನು ಅವರಿಗೆ ಎಂದು ಕೇಳಿದಾಗ ಹೊಸದೇನೂ ಹೊಳೆಯದೆ ಕಣ್ಣಿಗೆ ಕಟ್ಟಿದ್ದನ್ನೇ ಹೇಳಿದ. "ಮೂರನೇ ಮಹಡೀಲಿ ಬಾಡಿಗೆಗಿದ್ದಾರೆ. ತಾಯಿಗೆ ಮಂಡಿ ಸವೆದುಹೋಗಿದೆ. ಒಂದೊಂದು ತಿರುವಲ್ಲೂ ಮೆಟ್ಟಿಲ ಮೇಲೆ ಕೂತು ಉಸಿರು ತಗೋತಾರೆ ಸಾರ್. ಬೇಗ ನೆಲದ ಮೇಲೆ ಒಂದು ಮನೆ ಕಟ್ಟಬೇಕಂತೆ."

ಕನ್ನಡಕದವರ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತುಬಿಟ್ಟಿತು. ಬಾಣ ನಾಟಿತು ಎಂದುಕೊಂಡು ಮೀಟರಣ್ಣ ಸೈಕಲ್ ಹತ್ತಿದ.

ಮೂರನೆಯ ದಿನ ಅವರೇ ಕರೆಸಿಕೊಂಡರು. ಅವರ ಹೆಂಡತಿಯೂ ಅಂಗಡಿಯಲ್ಲಿದ್ದರು.

"ನಾವು ಬಿಟ್ಟುಕೊಡ್ತಿದ್ದೀವಿ ಮೀಟರಣ್ಣ. ಅವರಿಗೇ ಕೊಟ್ಬಿಡಿ" ಎಂದರು ಕನ್ನಡಕದವರು.

ಮೀಟರಣ್ಣ ಒಂದು ಹೆಜ್ಜೆ ಮುಂದೆ ಬಂದ. "ಏನು ಸಾರ್?"

"ನಮಗೆ ಇರೋಕೆ ಒಂದು ಮನೆ ಇದೆ. ನಾವು ಆಮೇಲೆ ನೋಡ್ಕೋಬಹುದು. ಆ ತಾಯಿ ಮೆಟ್ಟಿಲ ಮೇಲೆ ಕೂತಿರೋದು ಕೇಳಿದ ಮೇಲೆ ಇವಳಿಗೆ ಊಟ ಸೇರ್ತಿಲ್ಲ. ಬ್ಯಾಂಕಿಗೂ ಹೇಳಿ ಫೈಲು ವಾಪಸ್ ತಗೊಂಡೆ."

ಹೆಂಡತಿ ಒಂದು ಪೊಟ್ಟಣ ಮುಂದೆ ಚಾಚಿದರು. ಅದರಲ್ಲಿ ಮಂಡಿಗೆ ಹಾಕಿಕೊಳ್ಳುವ ಒಂದು ಜೊತೆ ಪಟ್ಟಿ. "ನಮ್ಮತ್ತೆಗೆ ಅಂತ ತಂದಿದ್ದು, ಅವರು ಹಾಕ್ಕೊಳ್ಳಲೇ ಇಲ್ಲ. ಆ ಅಮ್ಮನಿಗೆ ಕೊಡಿ. ಒಗೆದಿಟ್ಟಿದ್ದೀನಿ" ಎಂದರು.

ಮೀಟರಣ್ಣ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದ. ಸೈಕಲ್ ಹತ್ತುವುದನ್ನೂ ಮರೆತು ಮನೆಯವರೆಗೆ ತಳ್ಳಿಕೊಂಡೇ ಹೋದ.

ಹೆಂಡತಿ ಮೊದಲು ನಕ್ಕಳು, ನಗು ತಡೆಯಲಾಗದೆ ಪರದೆಯ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. "ಇಂಥವರ ಹತ್ರ ಹೇಳೋದಾ ಇದನ್ನ?" ಎಂದಳು. "ಹೋಗಿ ನಿಜ ಹೇಳಿ. ಇನ್ನು ಹತ್ತೇ ದಿನ ಇದೆ."

ಒಂದು ದಿನ ಅವನು ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಮಲಗಿದ. ಮರುದಿನ ಅಂಗಡಿಗೆ ಹೋಗಿ ಪೊಟ್ಟಣವನ್ನು ಗಾಜಿನ ಮೇಜಿನ ಮೇಲಿಟ್ಟ.

"ಸಾರ್, ಬಸ್ ಡಿಪೋದವರು ಯಾರೂ ಇಲ್ಲ. ನೀವು ತಡ ಮಾಡ್ತಿದ್ರಿ ಅಂತ ನಾನೇ ಹುಟ್ಟಿಸಿದ್ದು."

ಕನ್ನಡಕದವರು ಪೊಟ್ಟಣವನ್ನು ತಮ್ಮ ಕಡೆ ಎಳೆದುಕೊಂಡರು. "ಆ ತಾಯಿಯೂ ಇಲ್ವಾ?"

"ತಾಯಿ ಇದ್ದಾರೆ. ಕೊಳ್ಳೋರಲ್ಲ ಸಾರ್, ಮಾರೋರು. ನಿಮ್ಮ ದುಡ್ಡು ಬಂದ್ರೆ ಅವರು ಮೆಟ್ಟಿಲು ಇಳೀತಾರೆ."

"ಅಂದ್ರೆ ನಾನು ಬಿಟ್ಟುಕೊಟ್ಟು ಅವರನ್ನ ಇನ್ನೂ ಮೇಲೇ ಕೂರಿಸಿದೆ."

ಮೀಟರಣ್ಣ ತಲೆ ತಗ್ಗಿಸಿದ. ಕನ್ನಡಕದವರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. "ಇದು ಸುಳ್ಳಾದ್ರೆ ಕಾಗದಪತ್ರ ಹೇಗೆ ನಂಬಲಿ? ನಾನು ಅವರನ್ನೇ ನೋಡ್ಬೇಕು. ನೀವೇ ಕರ್ಕೊಂಡು ಹೋಗಿ" ಎಂದರು.

ದಂಧೆಯ ಕಟ್ಟಳೆ ಮೀಟರಣ್ಣನಿಗೆ ನೆನಪಿತ್ತು. ಆದರೂ "ನಾಳೆ ಭಾನುವಾರ. ಬೆಳಿಗ್ಗೆ ಬರ್ತೀನಿ ಸಾರ್" ಎಂದ.

ಭಾನುವಾರ ಮೂರು ಮಹಡಿ ಹತ್ತುವಾಗ ಕನ್ನಡಕದವರು ತಿರುವು ತಿರುವಿನಲ್ಲೂ ನಿಂತು ಮೆಟ್ಟಿಲನ್ನೇ ನೋಡುತ್ತಿದ್ದರು. ನರ್ಸಮ್ಮನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಹಗ್ಗ ಬಿಗಿದು ಸಿದ್ಧವಾಗಿದ್ದ ನಾಲ್ಕು ರಟ್ಟಿನ ಪೆಟ್ಟಿಗೆಗಳು. ಮೀಟರಣ್ಣ ನಿಂತುಕೊಂಡೇ ಎಲ್ಲವನ್ನೂ ಹೇಳಿದ, ತಡವಾದದ್ದನ್ನೂ, ತಾನು ಹೇಳಿದ ಸುಳ್ಳನ್ನೂ.

"ಓಹೋ, ಸೈಟಿನ ಜೊತೆ ನನ್ನ ಮಂಡೀನೂ ಸೇರಿಸಿ ಮಾರಿದ್ಯಾ?" ಎಂದರು ನರ್ಸಮ್ಮ. ಕನ್ನಡಕದವರಿಗೆ ನಗು ಬಂತು. ನರ್ಸಮ್ಮ ನಗಲಿಲ್ಲ.

"ಅದು ಹೋಗ್ಲಪ್ಪಾ. ನೀನು ನಾಳೆ ನಾಡಿದ್ದು ಅಂದದ್ದು ಏನಾಯ್ತು ಗೊತ್ತಾ? ಅದನ್ನ ನಂಬಿ ತಂಗಿಗೆ ಕೆಲಸ ಶುರು ಮಾಡ್ಸು ಅಂದೆ. ಮೇಸ್ತ್ರಿ ಅವಳ ಮನೆ ಪಕ್ಕದ ಗೋಡೆ ಒಡೆದ, ದುಡ್ಡು ಬರ್ಲಿಲ್ಲ ಅಂತ ಬೇರೆ ಕೆಲಸಕ್ಕೆ ಹೋದ. ಮೂರು ವಾರದಿಂದ ಗೋಡೆ ಇಲ್ಲದ ಕಡೆ ಪ್ಲಾಸ್ಟಿಕ್ ಹಾಳೆ ಕಟ್ಕೊಂಡು ಕೂತಿದ್ದಾಳೆ. ನನ್ನ ಫೋನು ಎತ್ತಲ್ಲ ಈಗ."

ಮೀಟರಣ್ಣನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದುದಕ್ಕೂ ತಾನೇ ಕಾರಣ ಎನ್ನಿಸಿತು. ನಾಳೆ ನಾಡಿದ್ದು ಎಂದು ಹೇಳಿ ಬಾಗಿಲಲ್ಲೇ ಹಿಂತಿರುಗುತ್ತಿದ್ದವನು ಒಳಗೆ ಕೂತು ಏನನ್ನೂ ಕೇಳಿರಲಿಲ್ಲ.

ನರ್ಸಮ್ಮ ಕನ್ನಡಕದವರ ಕಡೆ ತಿರುಗಿ, "ನಿಮಗೆ ಇನ್ನೂ ಎಷ್ಟು ದಿನ ಬೇಕು? ಸರಿಯಾಗಿ ಹೇಳಿ" ಎಂದರು.

ಕನ್ನಡಕದವರು ಯೋಚಿಸಿದರು. "ಬ್ಯಾಂಕಲ್ಲಿ ಮತ್ತೆ ಮೊದಲಿಂದ ಆಗ್ಬೇಕು. ಇಪ್ಪತ್ತೈದು ದಿನ."

"ಸರಿ, ಕಾಯ್ತೀನಿ."

ಅಷ್ಟೇ. ನಲವತ್ತು ದಿನ ಮೀಟರಣ್ಣ ಕೇಳಲು ಅಂಜಿದ್ದು ಒಂದೇ ಉಸಿರಿನಲ್ಲಿ ಮುಗಿದುಹೋಯಿತು. ಅವನ ಮುಖ ನೋಡಿ ನರ್ಸಮ್ಮನೇ ಹೇಳಿದರು. "ಒಂದು ತಿಂಗಳು ಹೆಚ್ಚು ಬೇಕು ಅಂತ ಅವತ್ತೇ ಅಂದಿದ್ರೆ ಕೊಡ್ತಿದ್ದೆನಪ್ಪ. ಗೋಡೆ ಒಡೆಸ್ತಿರಲಿಲ್ಲ ಅಷ್ಟೇ. ನಿನ್ನ ಕರಾರು ಇನ್ನೂ ಏಳು ದಿನ ಇದೆ. ಅದನ್ನ ನಾನು ಮುರಿಯಲ್ಲ. ಅದು ತೀರಿದ ಮೇಲೆ ನಿನ್ನ ಜೊತೆ ಇನ್ನೊಂದು ಕಾಗದಕ್ಕೆ ಸಹಿ ಹಾಕಲ್ಲ. ಇವರ ಜೊತೆ ಹಾಕ್ತೀನಿ."

ಮೀಟರಣ್ಣ ತಲೆಯಾಡಿಸಿದ. ಏಳು ದಿನ ಕಾಯಲಿಲ್ಲ. ಮರುದಿನವೇ ಕರಾರಿನ ಕಾಗದ ತಂದು ನರ್ಸಮ್ಮನ ಕೈಗಿಟ್ಟ. ಹಿಂದಿನ ದಿನ ಕನ್ನಡಕದವರು ಬಿಟ್ಟುಹೋಗಿದ್ದ ಮಂಡಿಪಟ್ಟಿಗಳು ಆಗ ಅವರ ಕಾಲಿನಲ್ಲಿದ್ದವು. "ಎಡಗಡೆದು ಸ್ವಲ್ಪ ಸಡಿಲ" ಎಂದರು.

ಕನ್ನಡಕದವರು ಇಪ್ಪತ್ತೈದು ಎಂದು ಇಪ್ಪತ್ತೇಳನೆಯ ದಿನ ನೋಂದಣಿ ಮಾಡಿಸಿದರು. ಎರಡು ದಿನ ತಡವಾಗುವುದನ್ನು ಮೊದಲೇ ತಿಳಿಸಿದ್ದರು. ಮೀಟರಣ್ಣನಿಗೆ ನಕ್ಷೆಗೆ ಓಡಾಡಿದ್ದಕ್ಕೆಂದು ಏನೋ ಒಂದಿಷ್ಟು ಕೊಟ್ಟರು. ಅವನು ಎಣಿಸಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮುಂದಿನ ಸೈಟು ಸಿಗುವವರೆಗೆ ಆರು ತಿಂಗಳು ಮನೆ ನಡೆದದ್ದು ಪರದೆಯ ಹೊಲಿಗೆಯಿಂದ. ನರ್ಸಮ್ಮ ಊರು ಬಿಟ್ಟ ದಿನ ಅವರ ಮಂಚ, ಪೆಟ್ಟಿಗೆಗಳನ್ನೆಲ್ಲ ಅವನೇ ಮೂರು ಮಹಡಿ ಇಳಿಸಿ ವ್ಯಾನಿಗೆ ಹಾಕಿದ. "ಬರ್ತೀನಪ್ಪ" ಎಂದರು ಅವರು. ತಂಗಿ ಈಗ ಫೋನು ಎತ್ತುತ್ತಾಳೆಯೇ ಎಂದು ಕೇಳಬೇಕೆಂದುಕೊಂಡ. ಬಾಯಿ ಬರಲಿಲ್ಲ. ಅದು ಅವನಿಗೆ ಇಂದಿಗೂ ಗೊತ್ತಿಲ್ಲ.

ಈಗಲೂ ಅವನು ಸೈಟಿನ ವ್ಯವಹಾರವನ್ನೇ ಮಾಡುತ್ತಾನೆ, ಒಂದು ಸಲಕ್ಕೆ ಒಂದೇ. ಸದ್ಯ ಕೈಯಲ್ಲಿರುವುದು ಒಬ್ಬ ನಿವೃತ್ತ ಡ್ರೈವರನ ಸೈಟು. ಕೊಳ್ಳುತ್ತೇವೆಂದ ದಂಪತಿ ಮೂರನೆಯ ಸಲ ದಿನ ಮುಂದೂಡಿದ್ದಾರೆ. ಡ್ರೈವರಿಗೆ ಮೂಗಿನ ತುದಿಯಲ್ಲಿ ಕೋಪ. ಪ್ರತಿ ಶನಿವಾರ ಬೆಳಿಗ್ಗೆ ಮೀಟರಣ್ಣ ಅಲ್ಲಿಗೆ ಹೋಗುತ್ತಾನೆ. ಹೋದ ವಾರ ನಾನೂ ಜೊತೆಗಿದ್ದೆ, ಆ ಬೀದಿಯಲ್ಲಿ ನನಗೂ ಕೆಲಸವಿತ್ತು.

"ಏನು ಸುದ್ದಿ?" ಎಂದ ಡ್ರೈವರು.

"ಈ ವಾರ ಏನೂ ಆಗಿಲ್ಲಣ್ಣ. ಯಾವಾಗ ಆಗುತ್ತೋ ಅವರಿಗೇ ಗೊತ್ತಿಲ್ಲ. ಬೇರೆಯವರೂ ಯಾರೂ ಕೇಳ್ತಿಲ್ಲ."

"ಇದನ್ನ ಹೇಳೋಕೆ ಇಷ್ಟು ದೂರ ಸೈಕಲ್ ತುಳ್ಕೊಂಡು ಬಂದ್ಯಾ?"

"ಹೂಂ. ಒಂದೈದು ನಿಮಿಷ ಕೂತ್ಕೋತೀನಿ. ಮನೇಲಿ ಏನೇನು ನಡೀತಿದೆ ಹೇಳಿ" ಎಂದು ಮೀಟರಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ಡ್ರೈವರು ಗೊಣಗುತ್ತಲೇ ಕುರ್ಚಿ ಎಳೆದುಕೊಟ್ಟ.