ಮೂರು ಸ್ಟೇಷನ್ ಆಚೆಯ ಸಾಂಬಾರು

ಇಂಥ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನಕ್ಕದ್ದೂ ಉಂಟು. ಮುಂಬಯಿ ಹೊರವಲಯದ ಶಹಾಡಿನ ನಮ್ಮ ಹೋಟೆಲಿನಲ್ಲಿ ಅಪ್ಪನ ಕಾಲದಿಂದ ಅಡುಗೆಗಿದ್ದ ಭಟ್ಟರು, ರಜೆಯಲ್ಲಿ ಉಡುಪಿಗೆ ಹೋಗಿ ಬಂದಾಗಲೆಲ್ಲ, "ನಾನಿಲ್ಲದಾಗ ಒಂದು ದಿನ ಸಾಂಬಾರಿಗೆ ಉಪ್ಪು ಎರಡು ಸಲ ಬಿತ್ತಲ್ಲ ಮಾಣಿ? ಅಲ್ಲಿ ನನ್ನ ಬಾಯಿ ಉಪ್ಪಾಯಿತು" ಎನ್ನುತ್ತಿದ್ದರು. ಯಾರೋ ಕಾಗದ ಬರೆದು ತಿಳಿಸಿರಬೇಕೆಂದು ನಾನೂ ತಮ್ಮ ಸುರೇಶನೂ ಬೆನ್ನ ಹಿಂದೆ ಅವರನ್ನು ಅಣಕಿಸುತ್ತಿದ್ದೆವು.

ಸಾಂಬಾರಿನ ಮೊದಲ ಸೌಟು ರುಚಿ ನೋಡದೆ ಶಟರ್ ಎತ್ತಬಾರದೆಂಬುದು ಅವರೇ ಹಾಕಿಕೊಟ್ಟ ಕಟ್ಟಳೆ. ಅವರು ತೀರಿಕೊಂಡ ಮೇಲೆ ಆ ಸೌಟು ನನ್ನ ಕೈಗೆ ಬಂತು.

ಕೆಲವು ವರ್ಷಗಳ ಹಿಂದೆ ನನ್ನ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಕಾಣಿಸಿತು. ಶಹಾಡಿಗೆ ಮೂರು ಸ್ಟೇಷನ್ ಈಚೆ, ಡೊಂಬಿವಲಿಯಲ್ಲಿರುವ ಮನೆಯಿಂದ ನವಿ ಮುಂಬಯಿಯ ಆಸ್ಪತ್ರೆಗೆ ವಾರಕ್ಕೆ ಐದು ದಿನ ರೇಡಿಯೇಷನ್. ಜಾಲರಿಯಂಥ ಮುಖವಾಡ ಹಾಕಿ ತಲೆಯನ್ನು ಮೇಜಿಗೆ ಬಿಗಿದುಬಿಡುತ್ತಾರೆ, ಅಲುಗಾಡುವಂತಿಲ್ಲ. ಮೂರನೆಯ ವಾರಕ್ಕೆ ರುಚಿ ಹೋಯಿತು. ಆಮೇಲೆ ಜೊಲ್ಲು ಬತ್ತಿತು, ಬಾಯೆಲ್ಲ ಹುಣ್ಣು. ಗಂಜಿಯೂ ಒದ್ದೆ ಕಾಗದ ನುಂಗಿದ ಹಾಗೆ. ಐದನೆಯ ವಾರದಲ್ಲಿ ಡಾಕ್ಟರು ಹೇಳಿಬಿಟ್ಟರು, ಶುಕ್ರವಾರದೊಳಗೆ ತೂಕ ಇನ್ನೂ ಇಳಿದರೆ ಮೂಗಿನಿಂದ ನಳಿಕೆ ಹಾಕುವುದೇ ಎಂದು. ನಿಜ ಹೇಳಬೇಕೆಂದರೆ ನಳಿಕೆಗಿಂತ, ಇನ್ನು ಆ ಸೌಟು ನನ್ನದಲ್ಲ ಎಂಬುದೇ ಹೆಚ್ಚು ನೋಯಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಐದೂಮುಕ್ಕಾಲು. ಹೆಂಡತಿ ಸುಮತಿ ಗಂಜಿ ತಂದಿಟ್ಟು ಎಂದಿನಂತೆ ಗದರುತ್ತಿದ್ದಳು. ಉಪ್ಪು ಸಕ್ಕರೆಯ ವ್ಯತ್ಯಾಸ ಮರೆತಿದ್ದ ನನ್ನ ನಾಲಗೆಯ ಮೇಲೆ ಇದ್ದಕ್ಕಿದ್ದಂತೆ ಸಾಂಬಾರಿನ ರುಚಿ ಬಂತು. ಮೊದಲು ಬೆಲ್ಲ. ಅದರ ಹಿಂದೆಯೇ ಸೀದ ಮೆಂತೆಯ ಕಹಿ.

"ಸುರೇಶ ಮೆಂತೆ ಸೀಯಿಸಿದ್ದಾನೆ. ಮುಚ್ಚಲಿಕ್ಕೆ ಬೆಲ್ಲ ಸುರಿದಿದ್ದಾನೆ. ಶಟರ್ ಎತ್ತಬೇಡ ಅನ್ನು," ಎಂದೆ.

ಜ್ವರವೇನೋ ಎಂದು ಸುಮತಿ ಹಣೆ ಮುಟ್ಟಿ ನೋಡಿದಳು. ಆಮೇಲೆ ನನ್ನ ಸಮಾಧಾನಕ್ಕೆಂದೇ ಶಹಾಡಿನಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದ ತಮ್ಮನಿಗೆ ಫೋನ್ ಹಚ್ಚಿ, ನಾನು ಹೇಳಿದ್ದನ್ನೇ ಹೇಳಿದಳು. ಅವನ ದನಿ ನನಗೂ ಕೇಳಿಸಿತು.

"ಅತ್ತಿಗೆ, ನಿಮಗೆ ಯಾರು ಹೇಳಿದ್ದು? ಅಡುಗೆಮನೆಯಲ್ಲಿ ನಾನೊಬ್ಬನೇ ಇರುವುದು."

ಆ ಸಾಂಬಾರು ಮೋರಿಗೆ ಹೋಯಿತು, ಹೋಟೆಲು ತಡವಾಗಿ ತೆರೆಯಿತು. ನಾನು ಉರಿಯುವ ಗಂಟಲಲ್ಲೇ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಲೋಟ ಪೂರ್ತಿ ಗಂಜಿ ಕುಡಿದೆ. ಇನ್ನೊಂದು ಲೋಟ ಕೇಳಿದೆ. ಶುಕ್ರವಾರ ತೂಕ ಇದ್ದಲ್ಲೇ ಇತ್ತು. ನಳಿಕೆ ಬೇಕಾಗಲಿಲ್ಲ.

ಈ ಚಿಕಿತ್ಸೆಯಲ್ಲಿ ನಾಲಗೆಗೆ ಇಲ್ಲದ ರುಚಿ ತೋರುವುದುಂಟು ಎಂದರು ಡಾಕ್ಟರು. ಇರಬಹುದು. ತಪ್ಪನ್ನು ಬೆಲ್ಲದಲ್ಲಿ ಮುಚ್ಚುವ ತಮ್ಮನ ಚಾಳಿಯೂ ನನಗೆ ಹಳೆಯದು. ಆದರೆ ಅದೇ ಬೆಳಿಗ್ಗೆ, ಅದೇ ಹೊತ್ತಿಗೆ? ಭಟ್ಟರಿದ್ದಿದ್ದರೆ ಕೇಳಬಹುದಿತ್ತು, ಮೊದಲು ಕ್ಷಮೆ ಕೇಳಿ, ಆಮೇಲೆ.

ಆ ರುಚಿ ಅಂದೇ ಮಾಯವಾಯಿತು. ನಿಜವಾದ ರುಚಿ ಮರಳಲು ಏಳೆಂಟು ತಿಂಗಳು ಬೇಕಾಯಿತು. ಬಾಯಿ ಇನ್ನೂ ಒಣಗುತ್ತದೆ, ನೀರಿನ ಬಾಟಲಿ ಜೊತೆಗಿರಬೇಕು. ಈಗಲೂ ಕೆಲವು ಬೆಳಿಗ್ಗೆ ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಕಾಯುತ್ತೇನೆ, ಮೂರು ಸ್ಟೇಷನ್ ಆಚೆ ಏನು ಕುದಿಯುತ್ತಿದೆಯೆಂದು. ಏನೂ ತಿಳಿಯುವುದಿಲ್ಲ. ಎದ್ದು ಟ್ರೇನ್ ಹಿಡಿಯುತ್ತೇನೆ. ಸೌಟು ಕಾಯುತ್ತಿರುತ್ತದೆ.